ಪನ್ನು ಒಗ್ಗಿತು, ಲಿಮರಿಕ್ ಒಗ್ಗಲಿಲ್ಲ

ಯುಗಾದಿಯ ಮರುದಿನ ದೊಡ್ಡಪ್ಪನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಮಾಲೀಕರು ಮತ್ತೆ ಬಾಡಿಗೆ ಏರಿಸಿದ ಸುದ್ದಿ ಹೇಳುತ್ತಾ ದೊಡ್ಡಪ್ಪ, "ಮನೆಗೆ ಬಾಡಿಗೆ ಕೊಟ್ಟ ಮೇಲೆ ಈ ಬಾಡಿಗೆ ಏನು ಉಳೀತಪ್ಪ?" ಎಂದು ಎದೆ ತಟ್ಟಿಕೊಂಡರು. ಪಂಕ್ತಿಯಲ್ಲಿದ್ದ ನಾವೆಲ್ಲ ನಕ್ಕೆವು. ಇಬ್ಬರು ಮಾತ್ರ ನಗಲಿಲ್ಲ. ಪುಣೆಯಲ್ಲಿ ಬೆಳೆಯುತ್ತಿರುವ, ರಜೆಗೆ ಬಂದಿದ್ದ ಅವರ 11 ವರ್ಷದ ಮೊಮ್ಮಗನಿಗೆ 'ಬಾಡಿ' ಗೊತ್ತು, 'ಬಾಡಿಗೆ' ಗೊತ್ತಿಲ್ಲ. ಅವನ ಮನೆಯಲ್ಲಿ ಅದು 'ರೆಂಟು'. ಅಜ್ಜಿಯ ಪಾಲಿಗೋ ಬಾಡಿ ಎಂದರೆ ಹಳೆಯ ಕಾಲದ ಹೆಂಗಸರ ಒಳ ಉಡುಪು. ಅವರು ಸೆರಗು ಸರಿಮಾಡಿಕೊಂಡು, "ಮಕ್ಕಳ ಮುಂದೆ ಆಡೋ ಮಾತೇನೋ ಅದು?" ಎಂದು ಎಪ್ಪತ್ತು ದಾಟಿದ ಮಗನನ್ನು ಗದರಿಸಿದರು. ದೊಡ್ಡಪ್ಪ ಹುಡುಗನಿಗೆ ಅರ್ಥ ಬಿಡಿಸಿ ಹೇಳಿದರು. ಅವನು "ಓ" ಎಂದ, ಅಷ್ಟೆ. ಬಿಡಿಸಿ ಹೇಳಿದ ಜೋಕು ಆರಿದ ಕಾಫಿ ಇದ್ದಂತೆ.

ಪನ್ ಎಂದು ನಾವೀಗ ಕರೆಯುವ ಈ ಆಟಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ಲೇಷೆ ಎಂದು ಹೆಸರು. ಅದರಲ್ಲಿ ಎರಡು ಬಗೆ. ಪದವನ್ನು ಒಡೆಯದೆಯೇ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ, ಒಡೆದಾಗ ಬಂದರೆ ಸಭಂಗ ಶ್ಲೇಷೆ. "ಬಸ್ಸು ಬರೋದು ಹತ್ತಕ್ಕೆ, ಆದರೆ ಹತ್ತಕ್ಕೆ ಆಗೋಲ್ಲ" ಎಂದು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಗೊಣಗಿದರೆ ಅದು ಕೇಳುವ ಕಿವಿಗೆ ಅಭಂಗ. ದೊಡ್ಡಪ್ಪನ 'ಬಾಡಿ-ಗೆ' ಅಪ್ಪಟ ಸಭಂಗ. ಹತ್ತಕ್ಕೆ ಎಂಬ ಈ ಆಟ ಧಾರವಾಡದಲ್ಲಿ ನಡೆಯದು. ಅಲ್ಲಿ ಬಸ್ಸು ಬರುವುದು ಹತ್ತಕ್ಕೇ ಆದರೂ ಜನ ಹೊರಡುವುದು 'ಹತ್ತಾಕ'. ಒಂದೇ ಭಾಷೆಯೊಳಗೂ ಪನ್ನಿಗೆ ಗಡಿಗಳಿವೆ ಎಂದಾಯಿತು.

ಹಿಂದಿನವರಿಗೆ ಶ್ಲೇಷೆ ಕೇವಲ ನಗುವಿನ ವಸ್ತುವಾಗಿರಲಿಲ್ಲ, ಪಾಂಡಿತ್ಯದ ಪರೀಕ್ಷೆಯೂ ಆಗಿತ್ತು. 12ನೆಯ ಶತಮಾನದಲ್ಲಿ ಕದಂಬ ದೊರೆ ಕಾಮದೇವನ ಆಶ್ರಯದಲ್ಲಿದ್ದ ಕವಿರಾಜನೆಂಬ ಕವಿ ಸಂಸ್ಕೃತದಲ್ಲಿ 'ರಾಘವಪಾಂಡವೀಯ' ಬರೆದ. ಒಂದು ರೀತಿಯಲ್ಲಿ ಓದಿದರೆ ರಾಮಾಯಣ, ಇನ್ನೊಂದು ರೀತಿಯಲ್ಲಿ ಓದಿದರೆ ಮಹಾಭಾರತ. ಇಡೀ ಕಾವ್ಯವೇ ಹೀಗೆ. ಬೆರಗಾಗಬೇಕಾದದ್ದೇ, ಆದರೆ ಊಟದ ಪಂಕ್ತಿಯಲ್ಲಿ ಹೇಳಿ ನಗಿಸುವಂಥದಲ್ಲ.

ನಗಿಸುವ ಶ್ಲೇಷೆಗೆ ಕನ್ನಡದಲ್ಲಿ ಹೊಸ ಸುಗ್ಗಿ ಬಂದದ್ದು ಇಂಗ್ಲಿಷಿನ ಸಹವಾಸದಿಂದ. ಇದರ ಹಿಂದೆ ಒಂದು ಸೊಗಸಾದ ಕಾರಣವಿದೆ. ಹಳಗನ್ನಡದಲ್ಲಿ ಕಲ್, ಬಿಲ್, ಕಾಲ್, ನೀರ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಹೊಸಗನ್ನಡಕ್ಕೆ ಬರುವಾಗ ಬಾಲಕ್ಕೊಂದು 'ಉ'ಕಾರ ಕಟ್ಟಿಕೊಂಡವು. ಮೊದಲ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಸಿ ಕಲ್ಲು, ಬಿಲ್ಲು. ದೀರ್ಘವಾಗಿದ್ದರೆ ಬರಿದೆ ಕಾಲು, ನೀರು. ಶತಮಾನಗಳ ನಂತರ ಹಡಗಿನಲ್ಲಿ ಬಂದಿಳಿದ ಇಂಗ್ಲಿಷ್ ಪದಗಳಿಗೂ ನಮ್ಮ ನಾಲಿಗೆ ಇದೇ ಉಪಚಾರ ಮಾಡಿತು. ಬಸ್ ಬಸ್ಸಾಯಿತು, ಕಪ್ ಕಪ್ಪಾಯಿತು, ಕಾರ್ ಕಾರಾಯಿತು. ಹೀಗೆ ಕನ್ನಡದ ಅಂಗಿ ತೊಟ್ಟ ಪರದೇಶಿ ಪದಗಳಲ್ಲಿ ಕೆಲವು, ಆಗಲೇ ಮನೆಯಲ್ಲಿದ್ದ ಪದಗಳ ಅವಳಿಗಳಂತೆ ಕಾಣತೊಡಗಿದವು. ಹೋಟೆಲಿನವರು ಕೊಡುವ ಬಿಲ್ಲು ರಾಮ ಮುರಿದ ಬಿಲ್ಲಾಯಿತು. ಸೀತೆಗಾಗಿ ಮುರಿದದ್ದು ಬಿಲ್ಲು. ನಮ್ಮಲ್ಲಿ ಬಿಲ್ಲು ನೆಟ್ಟಗೇ ಇರುತ್ತದೆ, ಮುರಿಯುವುದು ಬೆನ್ನು. ಹಾಲಿನಲ್ಲಿ ಕುಳಿತು ಹಾಲು ಕುಡಿಯಬಹುದು, ಬೀರುವಿನಲ್ಲಿ ಬೀರನ್ನು ಬಚ್ಚಿಡಬಹುದು. ಹೊಗೆ ಕಾರುವ ಕಾರಿಗಂತೂ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಇವನ್ನೆಲ್ಲ ಯಾವ ಪಂಡಿತರೂ ಕಟ್ಟಬೇಕಾಗಿಲ್ಲ. ವ್ಯಾಕರಣವೇ ಕಟ್ಟಿಕೊಟ್ಟಿದೆ, ಹೆಕ್ಕಿಕೊಳ್ಳುವ ಕಿವಿ ಬೇಕು.

ಆ ಕಿವಿ ಇದ್ದವರಲ್ಲಿ ಮೊದಲು ನೆನಪಾಗುವ ಹೆಸರು ಟಿ.ಪಿ. ಕೈಲಾಸಂ ಅವರದು (1884-1946). ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಅವರು ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಮನೆಮಾತಿನ ಕನ್ನಡವನ್ನು ರಂಗಕ್ಕೆ ಏರಿಸಿದರು. ಎರಡು ಭಾಷೆಗಳು ಒಂದೇ ಬಾಯಲ್ಲಿ ಡಿಕ್ಕಿ ಹೊಡೆಯುವ ಸದ್ದೇ ಅಲ್ಲಿನ ಅರ್ಧ ನಗು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿದರು. 1967ರವರೆಗೆ ನಡೆದ ಆ ಪತ್ರಿಕೆಗೆ ಆರ್.ಕೆ. ಲಕ್ಷ್ಮಣ್ ತಮ್ಮ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದಿದ್ದರು. ಅದೇ ಬಳಗದ ನಾ. ಕಸ್ತೂರಿ ಅವರ 'ಅನರ್ಥಕೋಶ' ನಿಘಂಟಿನ ವೇಷದಲ್ಲಿ ಪದಗಳಿಗೆ ಬೇಕೆಂದೇ ಅಡ್ಡ ಅರ್ಥ ಕೊಡುವ ಪುಸ್ತಕ. ಇಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ. ಮೈಸೂರಿಗೆ ಮೇಷ್ಟರಾಗಿ ಬಂದು ಕನ್ನಡ ಕಲಿತವರು. ಹುಟ್ಟಿನಿಂದ ಆಡಿದವರಿಗೆ ಪದ ಎಂದರೆ ಅರ್ಥ. ಕಲಿತು ಬಂದವರಿಗೆ ಮೊದಲು ಕೇಳಿಸುವುದು ಅದರ ಸದ್ದು. ಪದದೊಳಗೆ ಅಡಗಿದ ಇನ್ನೊಂದು ಪದ ಅವರಿಗೆ ಬೇಗ ಕಂಡದ್ದು ಇದರಿಂದಲೇ ಇರಬೇಕೆಂದು ನನ್ನ ಊಹೆ.

ಪತ್ರಿಕೆಯವರ ಪೈಕಿ 'ಪ್ರಜಾವಾಣಿ', 'ಕನ್ನಡಪ್ರಭ'ಗಳ ಸಂಪಾದಕರಾಗಿದ್ದ, 1999ರಲ್ಲಿ ತೀರಿಕೊಂಡ ವೈಎನ್ಕೆ ಅವರ ಪನ್ನುಗಳನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆ ದಾರಿಯಲ್ಲಿ ನಾನೂ ಒಮ್ಮೆ ಕಾಲಿಡಲು ಹೋದೆ. ಮಳೆಗಾಲದಲ್ಲಿ ಒಂದು ಊರಿಗೆ ಹೊಳೆ ನುಗ್ಗಿದ ವರದಿಗೆ 'ನೆರೆಮನೆಗೂ ಬಂತು ನೆರೆ' ಎಂದು ಶೀರ್ಷಿಕೆ ಬರೆದು ಬೀಗಿದೆ. ಡೆಸ್ಕಿನ ಹಿರಿಯರು ಕೆಂಪು ಪೆನ್ನಿನಿಂದ ಹೊಡೆದುಹಾಕಿ, "ಆ ಮನೆಯವರು ನಾಳೆ ಪೇಪರ್ ಓದ್ತಾರೆ ಕಣಯ್ಯ" ಎಂದರು. ಅಂದಿನಿಂದ ನೆರೆಯ ಸುದ್ದಿಯಲ್ಲಿ ನಾನು ಚಮತ್ಕಾರಕ್ಕೆ ಕೈಹಾಕಿಲ್ಲ.

ಇನ್ನು ಲಿಮರಿಕ್. ಇದು ಐದು ಸಾಲಿನ ತುಂಟ ಪದ್ಯ. ಒಂದು, ಎರಡು, ಐದನೆಯ ಸಾಲಿಗೆ ಒಂದು ಪ್ರಾಸ. ನಡುವಿನ ಎರಡು ಚಿಕ್ಕ ಸಾಲಿಗೆ ಬೇರೊಂದು. ಇದನ್ನು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಲಿಯರ್. ಶ್ರೀಮಂತರೊಬ್ಬರ ಬಂಗಲೆಯಲ್ಲಿ ಅವರು ಸಾಕಿದ ಪ್ರಾಣಿ ಪಕ್ಷಿಗಳ ಚಿತ್ರ ಬರೆಯಲು ಹೋದವನು ಅಲ್ಲಿನ ಮಕ್ಕಳಿಗಾಗಿ ಈ ಪದ್ಯಗಳನ್ನು ಹೊಸೆದ. 1846ರಲ್ಲಿ ಪುಸ್ತಕ ಮಾಡಿದ. ಅವನು ಇವನ್ನು ಲಿಮರಿಕ್ ಎಂದು ಕರೆಯಲೇ ಇಲ್ಲ. ಐರ್ಲೆಂಡಿನ ಊರೊಂದರ ಆ ಹೆಸರು ಇದಕ್ಕೆ ಅಂಟಿಕೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ.

1873ರಿಂದ 1875ರವರೆಗೆ ಲಿಯರ್ ಇಂಡಿಯಾದಲ್ಲಿ ಸುತ್ತಾಡಿದ. ಆಗ ಬರೆದ 'ದಿ ಕಮ್ಮರ್‌ಬಂಡ್' ಎಂಬ ಪದ್ಯದಲ್ಲಿ (ಅದು ಲಿಮರಿಕ್ ಅಲ್ಲ) ಸಾಹೇಬರ ಮನೆಯ ಹಿಂದುಸ್ತಾನಿ ಪದಗಳೆಲ್ಲ ವೇಷ ಬದಲಿಸುತ್ತವೆ. ಧೋಬಿ ಕೂರುವ ಆಸನವಾಗುತ್ತಾನೆ, ಖಾನ್‌ಸಾಮ ಮರವಾಗಿ ಬೆಳೆಯುತ್ತಾನೆ, ಚಪ್ರಾಸಿ ಮೀನಾಗಿ ಹೊಳೆಯಲ್ಲಿ ಈಜುತ್ತಾನೆ. ಲಂಡನ್ನಿನ ಓದುಗನಿಗೆ ಅವು ಮಾಯಾಲೋಕದ ಹೆಸರುಗಳು. ಚಪ್ರಾಸಿ ಯಾರೆಂದು ಬಲ್ಲ ನಮಗೆ ನಗು ಬರುವುದು ಬೇರೆ ಕಾರಣಕ್ಕೆ. ದೊಡ್ಡಪ್ಪನ ಪಂಕ್ತಿಯ ಕಥೆಯೇ ಇಲ್ಲಿಯೂ, ಎಲೆಗಳು ಮಾತ್ರ ಅದಲುಬದಲು.

ಪನ್ ಇಷ್ಟು ಸಲೀಸಾಗಿ ಒಗ್ಗಿದ ಕನ್ನಡಕ್ಕೆ ಲಿಮರಿಕ್ ಏಕೆ ಒಗ್ಗಲಿಲ್ಲ? ಬರೆದವರಿಲ್ಲವೆಂದಲ್ಲ. ಬರೆಯುವುದು ಕಷ್ಟವೂ ಅಲ್ಲ. ಈ ಲೇಖನಕ್ಕಾಗಿ ನಾನೇ ಒಂದನ್ನು ಹೊಸೆದಿದ್ದೇನೆ, ಸಹಿಸಿಕೊಳ್ಳಿ:

ತಿಪಟೂರಿನಲ್ಲೊಬ್ಬ ಕಿಟ್ಟ
ಸಂಬಳವೆಲ್ಲ ಕೊಡೆಗಿಟ್ಟ;
ಮಳೆ ಬಂದ ವೇಳೆಗೆ
ಮಡಿಸಿಟ್ಟು ತೋಳಿಗೆ
'ನೆನೆದೀತು ಕೊಡೆ' ಎಂದುಬಿಟ್ಟ!

ಹತ್ತು ನಿಮಿಷದ ಕೆಲಸ. ತೊಂದರೆ ಇರುವುದೂ ಅಲ್ಲೇ. ಕನ್ನಡದಲ್ಲಿ ಅಂತ್ಯಪ್ರಾಸ ಬಲು ಅಗ್ಗ. ಬಂದನು, ತಿಂದನು, ಹೋದನು ಎಂದು ಕ್ರಿಯಾಪದಗಳನ್ನು ಸಾಲಿನ ಕೊನೆಗೆ ನಿಲ್ಲಿಸಿದರೆ ಪ್ರಾಸ ತಾನಾಗಿ ಒದಗುತ್ತದೆ. ಇಂಗ್ಲಿಷಿನವನು ಐದನೆಯ ಸಾಲಿನ ಪ್ರಾಸಕ್ಕಾಗಿ ತಿಣುಕಬೇಕು. ಅವನು ಹೇಗೆ ಪಾರಾದನೆಂಬ ಅಚ್ಚರಿಯಲ್ಲೇ ನಗು ಹುಟ್ಟುತ್ತದೆ. ನಮ್ಮಲ್ಲಿ ಆ ತಿಣುಕಾಟವೇ ಇಲ್ಲ. ನಮ್ಮ ಪೂರ್ವಿಕರು ಕವಿಯ ಸತ್ವಪರೀಕ್ಷೆಯನ್ನು ಸಾಲಿನ ತುದಿಯಲ್ಲಿಡದೆ ಆರಂಭದ ಎರಡನೆಯ ಅಕ್ಷರದಲ್ಲಿ ಇಟ್ಟರು. ಸಿಂಹ, ಗಜ, ವೃಷಭ ಎಂದೆಲ್ಲ ಹೆಸರಿಟ್ಟು ಅದನ್ನು ಆರು ಬಗೆ ಮಾಡಿದರು. ಆ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಕೈಬಿಟ್ಟದ್ದು ದೊಡ್ಡ ಸುದ್ದಿಯಾಯಿತೆಂದರೆ ಅದರ ಬಿಗಿ ಎಷ್ಟಿತ್ತೆಂದು ತಿಳಿಯಬಹುದು. ಅಲ್ಲದೆ ಲಿಮರಿಕ್ಕಿನ ಕುಣಿತ ಇಂಗ್ಲಿಷ್ ಪದಗಳ ಒತ್ತನ್ನು ನಂಬಿದ್ದು. ನಮ್ಮ ಛಂದಸ್ಸು ನಡೆಯುವುದು ಮಾತ್ರೆಗಳ ಎಣಿಕೆಯಲ್ಲಿ.

ಹಾಗಾಗಿ ಲಿಮರಿಕ್ ಮಾಡಬೇಕಾದ ಕೆಲಸವನ್ನು ಇಲ್ಲಿ ಚುಟುಕ ಮಾಡಿತು. ಉತ್ತರ ಕನ್ನಡದ ರೈತರ ಪರ ಹೋರಾಡಿದ, ಲೋಕಸಭೆಗೂ ಆಯ್ಕೆಯಾಗಿದ್ದ ದಿನಕರ ದೇಸಾಯಿ (1909-1982) ತಮ್ಮ ನಾಲ್ಕು ಸಾಲಿನ ಚೌಪದಿಗಳಲ್ಲಿ ಅಧಿಕಾರಸ್ಥರನ್ನು ಚುಚ್ಚಿದರು, ತಮ್ಮನ್ನೂ ಬಿಡಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ಬರೆದ ಡುಂಡಿರಾಜರ ಹನಿಗವನಗಳಲ್ಲಿ ಚುಟುಕವೂ ಪನ್ನೂ ಕೈಜೋಡಿಸಿದವು. ಕೊನೆಯ ಸಾಲಿನಲ್ಲಿ ಪದವೊಂದು ಮಗ್ಗುಲು ಬದಲಿಸುವುದೇ ಅಲ್ಲಿನ ಮಜಾ. ಪ್ರಾಸ ಕೊಡಲಾರದ ಅಚ್ಚರಿಯನ್ನು ಶ್ಲೇಷೆ ಕೊಟ್ಟಿತು.

ಆದರೆ ಕೇಳುವವರ ಬಳಿ ಎರಡೂ ಅರ್ಥ ಇರಬೇಕಲ್ಲ. ಹುಡುಗ ಪುಣೆಗೆ ಹೊರಡುವ ಹಿಂದಿನ ದಿನ ಮತ್ತೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಜ್ಜಿ ನಡುಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಒಳಗೆ ಮೊಬೈಲು ಹೊಡೆದುಕೊಂಡಿತು. ಹುಡುಗ ಅದನ್ನು ಹಿಡಿದು ಓಡಿಬಂದ.

"ಅಜ್ಜಿ, ನಿಮಗೆ ಕಾಲು ಬಂದಿದೆ!"

ಅಜ್ಜಿ ತಲೆ ಎತ್ತಲಿಲ್ಲ. "ಇರೋ ಎರಡನ್ನೇ ಸುಧಾರಿಸೋಕೆ ಆಗ್ತಿಲ್ಲ, ಮೂರನೇದು ಯಾಕೋ ಮರಿ?" ಎಂದರು.

ಹುಡುಗ ಒಂದು ಕ್ಷಣ ಅವರ ಮಂಡಿ ನೋಡಿದ, ಕೈಯಲ್ಲಿದ್ದ ಫೋನು ನೋಡಿದ. ಆಮೇಲೆ ಎಷ್ಟು ನಕ್ಕನೆಂದರೆ, ಫೋನ್ ಮಾಡಿದ್ದ ನಮ್ಮ ಅತ್ತೆ ಆ ಕಡೆಯಿಂದ "ಏನಾಯ್ತೋ, ಏನಾಯ್ತೋ" ಎಂದು ಕೂಗುತ್ತಲೇ ಇದ್ದರು.