ಉಯಿಲಿನ ಹಣ, ಪ್ರಯೋಗಾಲಯದ ಲೆಕ್ಕ

ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನ ಹಳೆಯ ಸಭಾಂಗಣದಲ್ಲಿ ರಷ್ಯಾದ ಝಾರ್ ಮೂರನೇ ಅಲೆಕ್ಸಾಂಡರ್, ಬ್ರೆಜಿಲ್ ಚಕ್ರವರ್ತಿ ಎರಡನೇ ಪೆದ್ರೊ ಮತ್ತು ಬಾನ್ ಮಾರ್ಶೆ ಅಂಗಡಿಯ ಒಡತಿ ಮಾರ್ಗರೀತ್ ಬೂಸಿಕೊ ಅವರ ಅರ್ಧಪ್ರತಿಮೆಗಳಿವೆ. ಇವರಾರೂ ಇಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತವರಲ್ಲ, ಹಣ ಕೊಟ್ಟವರು. ಈ ಸಂಸ್ಥೆ ಸರ್ಕಾರದ್ದಲ್ಲ, ಕಂಪನಿಯೂ ಅಲ್ಲ. ಫ್ರಾನ್ಸ್‌ನ ಕಾನೂನಿನ ಪ್ರಕಾರ ಇದೊಂದು ದತ್ತಿ ಪ್ರತಿಷ್ಠಾನ.

1885ರ ಜುಲೈನಲ್ಲಿ ಅಲ್ಸಾಸ್ ಪ್ರಾಂತ್ಯದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಹುಚ್ಚುನಾಯಿ ಕಚ್ಚಿತ್ತು. ಲೂಯಿ ಪಾಶ್ಚರ್ ಕೊಡಿಸಿದ ಲಸಿಕೆಯ ನಂತರ ಹುಡುಗ ಬದುಕಿದ. ಮರುವರ್ಷ ಸ್ಮೊಲೆನ್ಸ್ಕ್‌ನಿಂದ ಹುಚ್ಚು ತೋಳ ಕಚ್ಚಿದ 19 ರಷ್ಯನ್ನರು ಪ್ಯಾರಿಸ್‌ಗೆ ಬಂದರು; 16 ಮಂದಿ ಉಳಿದರು. ಝಾರ್ ಹಣ ಕಳಿಸಿದ್ದು ಈ ಋಣಕ್ಕೆ. ಅಷ್ಟರಲ್ಲಿ ಸಂಸ್ಥೆ ಕಟ್ಟಲು ಚಂದಾಪಟ್ಟಿ ಊರೂರು ತಿರುಗುತ್ತಿತ್ತು. ಅಲ್ಸಾಸ್‌ನ ಪಟ್ಟಿಯಲ್ಲಿ ಪುಟ್ಟ ಮೈಸ್ಟರ್‌ನ ಹೆಸರೂ ಇತ್ತು. ಒಟ್ಟು ಕೂಡಿದ್ದು 25 ಲಕ್ಷ ಫ್ರಾಂಕ್‌ಗೂ ಹೆಚ್ಚು. ಕಟ್ಟಡ, ಸಲಕರಣೆಗಳು 15 ಲಕ್ಷಕ್ಕಿಂತ ಹೆಚ್ಚನ್ನು ನುಂಗಿದವು. 1888ರ ನವೆಂಬರ್ 14ರಂದು ಅಧ್ಯಕ್ಷ ಸಾದಿ ಕಾರ್ನೊ ಬಾಗಿಲು ತೆರೆದಾಗ ಮೂಲನಿಧಿಯಾಗಿ ಉಳಿದಿದ್ದು ಸುಮಾರು 10 ಲಕ್ಷ.

ಮೊದಲ ವರ್ಷಗಳ ಫಸಲು ನಮ್ಮ ನೆಲಕ್ಕೂ ಬಂತು. ಇಲ್ಲಿ ಸಹಾಯಕ ಗ್ರಂಥಪಾಲಕನ ಕೆಲಸಕ್ಕೆ ಸೇರಿದ್ದ ವಾಲ್ಡೆಮಾರ್ ಹಾಫ್ಕಿನ್ ಮುಂದೆ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ. 1898ರಲ್ಲಿ ಪ್ಲೇಗ್ ಹೊಕ್ಕ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ತೋಳೊಡ್ಡಿದ್ದು ಅದಕ್ಕೇ. ಅದೇ ವರ್ಷ ಇದೇ ಸಂಸ್ಥೆಯ ಪೌಲ್ ಲೂಯಿ ಸಿಮೋಂ ಕರಾಚಿಯಲ್ಲಿ, ಇಲಿಯಿಂದ ಇಲಿಗೆ ಪ್ಲೇಗ್ ಹೊರುವುದು ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದ. ನಾಯಿ ಕಡಿತದ ಚಿಕಿತ್ಸೆಗಾಗಿ ಹುಟ್ಟಿದ ಕೂನೂರಿನ ಪಾಶ್ಚರ್ ಸಂಸ್ಥೆಗೂ ಅಮೆರಿಕದ ಉದ್ಯಮಿ ಹೆನ್ರಿ ಫಿಪ್ಸ್‌ನ ದಾನವೇ ಬುನಾದಿ.

ಪ್ಯಾರಿಸ್‌ನ ಸಂಸ್ಥೆಗೆ ಮುಂದೆ ದೊಡ್ಡ ಹಣ ಬಂದಿದ್ದು ಹೆಚ್ಚಾಗಿ ಸತ್ತವರಿಂದ. 1903ರಲ್ಲಿ ಡೇನಿಯಲ್ ಇಫ್ಲಾ ಒಸಿರಿಸ್ ಎಂಬ ಬ್ಯಾಂಕರ್ ಕೊಡಿಸಿದ ಒಂದು ಲಕ್ಷ ಫ್ರಾಂಕ್‌ನ ಬಹುಮಾನ ಪಾಶ್ಚರ್‌ನ ಶಿಷ್ಯ ಎಮಿಲ್ ರೂಗೆ ಸಂದಿತು. ರೂ ಅಷ್ಟನ್ನೂ ಸಂಸ್ಥೆಗೆ ಕೊಟ್ಟುಬಿಟ್ಟರು. 1907ರಲ್ಲಿ ಒಸಿರಿಸ್ ತೀರಿಕೊಂಡಾಗ ಉಯಿಲು ಬಿಚ್ಚಿ ನೋಡಿದರೆ ಮೂರು ಕೋಟಿ ಫ್ರಾಂಕ್ ಮೀರಿದ ಆಸ್ತಿ ಪಾಶ್ಚರ್ ಸಂಸ್ಥೆಯ ಹೆಸರಿನಲ್ಲಿತ್ತು! ಆದರೆ ದತ್ತಿಯೂ ಸವೆಯುತ್ತದೆ. ಮೊದಲ ಮಹಾಯುದ್ಧ ಕಳೆದು 1928ರ ಹೊತ್ತಿಗೆ ಫ್ರಾಂಕ್‌ನ ಬೆಲೆ ಐದರಲ್ಲಿ ಒಂದು ಪಾಲಿಗೆ ಕುಸಿದಿತ್ತು. ಸಾಲಪತ್ರಗಳಲ್ಲಿ ಇಟ್ಟ ನಿಧಿಗಳು ಕಾಗದದ ಮೇಲೆ ಹಾಗೇ ಇದ್ದವು, ಅಷ್ಟೆ.

1965ರ ನೊಬೆಲ್ ಬಂದಿದ್ದು ಇಲ್ಲಿನ ಅಟ್ಟಕ್ಕೆ. ಫ್ರಾನ್ಸ್ವಾ ಜಾಕೋಬ್, ಜಾಕ್ ಮೊನೊ, ಆಂದ್ರೆ ಲ್ವಾಫ್ ಜೀನ್‌ಗಳ ಹತೋಟಿ ಹೇಗೆ ನಡೆಯುತ್ತದೆಂದು ಕಂಡುಕೊಂಡದ್ದು ಸೂರಿನಡಿಯ ಇಕ್ಕಟ್ಟಿನ ಪ್ರಯೋಗಾಲಯದಲ್ಲಿ. ಆರು ವರ್ಷ ಕಳೆಯುವಷ್ಟರಲ್ಲಿ ಸಂಸ್ಥೆಯ ಖಜಾನೆ ಎಷ್ಟು ಬರಿದಾಗಿತ್ತೆಂದರೆ ಮೊನೊ ಅವರೇ ನಿರ್ದೇಶಕರ ಕುರ್ಚಿಯಲ್ಲಿ ಕೂತು ಆಯವ್ಯಯ ನೋಡಬೇಕಾಯಿತು. 1972ರಲ್ಲಿ ಲಸಿಕೆ ತಯಾರಿಕೆಯನ್ನು ಪ್ರತ್ಯೇಕ ಕಂಪನಿ ಮಾಡಿದರು. ಸರ್ಕಾರದ ಅನುದಾನವನ್ನೂ ನೆಚ್ಚಿದರು.

ನನಗೆ ತೀರಾ ಕುತೂಹಲ ಹುಟ್ಟಿಸುವುದು 1987ರ ಒಂದು ವಾರ. ಏಡ್ಸ್ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು 1983ರಲ್ಲಿ, ಇದೇ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮಾಂತಾನ್ಯೆ ಅವರ ತಂಡ. ರಕ್ತಪರೀಕ್ಷೆಯ ಪೇಟೆಂಟ್‌ಗಾಗಿ ಅಮೆರಿಕದೊಂದಿಗೆ ವ್ಯಾಜ್ಯ ನಡೆದು, ಮಾರ್ಚ್ 31ರಂದು ರೇಗನ್ ಮತ್ತು ಶಿರಾಕ್ ರಾಜಿ ಘೋಷಿಸಿದರು. ಎರಡೇ ದಿನಕ್ಕೆ ಜಿನೀವಾದಲ್ಲಿ ವಿಂಡ್ಸರ್ ಡಚೆಸ್‌ಳ ಒಡವೆಗಳ ಹರಾಜು ಶುರುವಾಯಿತು. ಇಂಗ್ಲೆಂಡಿನ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟದ್ದು ಯಾರಿಗಾಗಿಯೋ, ಆ ವಾಲಿಸ್ ಸಿಂಪ್ಸನ್ ತನ್ನ ಆಸ್ತಿಯನ್ನು ಪಾಶ್ಚರ್ ಸಂಸ್ಥೆಗೆ ಬರೆದಿಟ್ಟಿದ್ದಳು. ಎಲಿಜಬೆತ್ ಟೇಲರ್ ಫೋನಿನಲ್ಲೇ ಬೆಲೆ ಕೂಗಿ ಒಂದು ವಜ್ರದ ಬ್ರೂಚ್ ಕೊಂಡರು. ಏಡ್ಸ್ ಸಂಶೋಧನೆಗೆ ಆಗಲೇ ಹಣ ಕೂಡಿಸುತ್ತಿದ್ದ ನಟಿ ಅವರು. ಎರಡು ದಿನದಲ್ಲಿ ಹುಟ್ಟಿದ್ದು ಸುಮಾರು 5 ಕೋಟಿ ಡಾಲರ್. ಯಾವ ಹಣಕಾಸು ಅಧಿಕಾರಿಯೂ ಇಂಥ ವರಮಾನವನ್ನು ಬಜೆಟ್‌ನಲ್ಲಿ ಮೊದಲೇ ಬರೆದಿಡಲಾರ.

ಈಗ ವರ್ಷದ ಬಜೆಟ್ 30 ಕೋಟಿ ಯೂರೊ ದಾಟಿದೆ. ಸರ್ಕಾರದ ಅನುದಾನ, ಯೋಜನೆಗಳಿಗೆ ಗೆದ್ದ ಸ್ಪರ್ಧಾ ಹಣ, ಪೇಟೆಂಟ್ ರಾಯಧನ, ಜನರ ದೇಣಿಗೆ ಮತ್ತು ಉಯಿಲು ಎಲ್ಲವೂ ಅದರಲ್ಲಿ ಸೇರಿವೆ. ಉಯಿಲಿನಲ್ಲಿ ಬಂದ ಮನೆಗಳಿಗೆ ಗಿರಾಕಿ ಹುಡುಕುವುದೂ ಇಲ್ಲಿ ಸಂಶೋಧನೆಗೆ ಸೇರಿದ ಕೆಲಸವೇ. ಯೋಜನೆಗೆಂದು ಬರುವ ಹಣ ಮೂರೋ ಐದೋ ವರ್ಷಕ್ಕೆ ಫಲಿತಾಂಶ ಕೇಳುತ್ತದೆ. ಸತ್ತವರು ವರದಿ ಕೇಳುವುದಿಲ್ಲ. ಆ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟುವುದು ಕಷ್ಟ.

ಹಾಗೆಂದು ವಾರ್ಷಿಕ ಲೆಕ್ಕವೂ ವಾರ್ಷಿಕ ಪ್ರಗತಿಯೂ ಜೊತೆಜೊತೆಯಾಗಿ ನಡೆಯುತ್ತವೆಂದೇನಿಲ್ಲ. ಕೋವಿಡ್ ಕಾಲದಲ್ಲಿ ದಡಾರ ಲಸಿಕೆಯ ವೈರಸ್ ಬಳಸಿ ರೂಪಿಸಿದ ಲಸಿಕೆಯನ್ನು ಮೆರ್ಕ್ ಕಂಪನಿಯ ಜೊತೆ ಪರೀಕ್ಷೆಗೆ ಒಯ್ದರು. ಸಾಕಷ್ಟು ರೋಗನಿರೋಧಕ ಶಕ್ತಿ ಮೂಡಲಿಲ್ಲ. 2021ರ ಜನವರಿಯಲ್ಲಿ ಕೈಬಿಟ್ಟರು. ಪಾಶ್ಚರ್‌ನ ನಾಡಿಗೇ ಲಸಿಕೆ ಇಲ್ಲವೇ ಎಂದು ಫ್ರಾನ್ಸ್ ಮುಜುಗರಪಟ್ಟಿತು. 2008ರದ್ದೂ ಸೇರಿ ಹತ್ತು ನೊಬೆಲ್ ವಿಜೇತರನ್ನು ಕಂಡ ಮನೆಗೆ ಇದು ಕಹಿ ವರ್ಷ. ಬಾರೆ-ಸಿನೂಸಿ ಮತ್ತು ಮಾಂತಾನ್ಯೆ ಅವರಿಗಾದರೂ 1983ರ ಕೆಲಸಕ್ಕೆ ನೊಬೆಲ್ ಸಿಕ್ಕಿದ್ದು 25 ವರ್ಷ ಕಳೆದ ಮೇಲೆ.