ಸಚಿನ್ನಿನ ಗಲ್ಲೆಯೂ ದಿಲ್ಲಿಯ ಮುಂಗಡಪತ್ರವೂ

ಸೂರತ್ತಿನಿಂದ ಮುಂಬಯಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಸ್ವಲ್ಪ ದೂರದಲ್ಲಿಯೇ ಸಿಗುವ ಸಚಿನ್, ಒಂದು ಕಾಲಕ್ಕೆ ಸಿದ್ದಿ ನವಾಬರ ಪುಟ್ಟ ಸಂಸ್ಥಾನ; ಇಂದು ಮಗ್ಗಗಳ, ಬಣ್ಣದ ಕಾರಖಾನೆಗಳ ಊರು. ಪಾಳಿ ಬಿಟ್ಟ ಹೊತ್ತಿನಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕುಳಿತವನಿಗೆ ದೇಶದ ಅರ್ಥಸ್ಥಿತಿಯನ್ನು ಅರಿಯಲು ಬೇರೆ ಗ್ರಂಥ ಬೇಕಾಗಿಲ್ಲ. ಇಡ್ಲಿಯ ಜೊತೆಗೆ ಮಸಾಲೆ ದೋಸೆಯನ್ನೂ ಹೇಳುತ್ತಿದ್ದ ಗಿರಾಕಿಗಳು ಬರಿಯ ಚಹಾ ಕುಡಿದು ಏಳತೊಡಗಿದರೆಂದರೆ, ಎಲ್ಲಿಯೋ ಮಗ್ಗ ನಿಂತಿದೆಯೆಂದೇ ತಿಳಿಯಬೇಕು.

ಇಂಥ ಕೋಟ್ಯಂತರ ಗಿರಾಕಿಗಳ ಖರೀದಿ, ಉದ್ಯಮಿಗಳು ಯಂತ್ರ ಕಟ್ಟಡಗಳಿಗೆ ಹಾಕುವ ಹಣ, ಸರಕಾರದ ವೆಚ್ಚ, ಹೊರದೇಶಗಳು ನಮ್ಮಿಂದ ಕೊಳ್ಳುವುದರಲ್ಲಿ ನಾವು ಅವರಿಂದ ಕೊಂಡದ್ದನ್ನು ಕಳೆದು ಉಳಿದದ್ದು, ಇವೆಲ್ಲವುಗಳ ಮೊತ್ತವನ್ನು ಅರ್ಥಶಾಸ್ತ್ರಜ್ಞರು ‘ಒಟ್ಟು ಬೇಡಿಕೆ’ ಎಂದು ಕರೆಯುತ್ತಾರೆ. ಇದನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಮುಂಗಡಪತ್ರದಲ್ಲಿ ಎರಡು ಸಾಧನಗಳುಂಟು: ತೆರಿಗೆ ಮತ್ತು ವೆಚ್ಚ. ಆದರೆ ಇವೆರಡರ ಬಲ ಒಂದೇ ಸಮನಲ್ಲ.

ಸರಕಾರವು ರಸ್ತೆಯ ಕೆಲಸಕ್ಕೆ 100 ರೂಪಾಯಿ ಕೂಲಿ ಕೊಟ್ಟಿತೆನ್ನಿ. ಕೂಲಿಯವನು 20 ರೂಪಾಯಿ ಉಳಿಸಿ 80ನ್ನು ಹೋಟೆಲಿನಲ್ಲಿ ಖರ್ಚು ಮಾಡಿದರೆ ಅದು ಹೋಟೆಲಿನವನ ಆದಾಯ. ಅವನೂ ಅದೇ ಪ್ರಮಾಣದಲ್ಲಿ ಉಳಿಸಿ 64ನ್ನು ದಿನಸಿ ಅಂಗಡಿಗೆ ಕೊಡುತ್ತಾನೆ. ಹೀಗೆ ಕೈಯಿಂದ ಕೈಗೆ ಸಾಗಿ ಕಟ್ಟಕಡೆಗೆ 500 ರೂಪಾಯಿಗಳ ಬೇಡಿಕೆ ಹುಟ್ಟುತ್ತದೆ. ಅದೇ 100 ರೂಪಾಯಿಯನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟರೆ, ಪಡೆದವನು ಮೊದಲೇ 20ನ್ನು ಪೆಟ್ಟಿಗೆಯಲ್ಲಿಡುವುದರಿಂದ ಮೊತ್ತವು 400ಕ್ಕೆ ನಿಲ್ಲುತ್ತದೆ. ಇದು ಕಾಗದದ ಲೆಕ್ಕ. ನಡುವೆ ತೆರಿಗೆಯಲ್ಲಿ, ಹೊರದೇಶದ ಮಾಲಿನಲ್ಲಿ ಸೋರಿಹೋಗುವುದು ಬಹಳವಾದ್ದರಿಂದ ವ್ಯವಹಾರದಲ್ಲಿ ಫಲ ಇಷ್ಟಿರದು. ಆದರೂ ಬಡವನ ಕೈಗೆ ಬಿದ್ದ ರೂಪಾಯಿ ಓಡುತ್ತದೆ, ಸಿರಿವಂತನ ಕೈಗೆ ಬಿದ್ದದ್ದು ಮಲಗುತ್ತದೆ ಎಂಬುದು ಸುಳ್ಳಲ್ಲ.

2025ರ ಫೆಬ್ರವರಿಯ ಮುಂಗಡಪತ್ರವು ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿಗಳವರೆಗಿನ ಆದಾಯಕ್ಕೆ ತೆರಿಗೆಯಿಲ್ಲವೆಂದಿತು. ಇದಕ್ಕಾಗಿ ಸರಕಾರವು ಬಿಟ್ಟುಕೊಟ್ಟದ್ದು ಸುಮಾರು 1 ಲಕ್ಷ ಕೋಟಿ ರೂಪಾಯಿಯೆಂದು ಅಂದಾಜು. ಗುಮಾಸ್ತ ಬಂಧುಗಳಲ್ಲಿ ಕೆಲವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಆದಾಯ ತೆರಿಗೆಯ ಹೊಸ್ತಿಲನ್ನೇ ಮುಟ್ಟದ ಮಾಣಿಗೆ ಅದರಿಂದ ನೇರವಾಗಿ ಬಂದದ್ದೇನೂ ಇಲ್ಲ. ಗುಮಾಸ್ತರು ಎರಡನೆಯ ಕಾಫಿ ಹೇಳಿದರಷ್ಟೇ ಅವನಿಗೆ ಪಾಲು.

ಅವನನ್ನು ಮುಟ್ಟುವುದು ಸರಕು ಮತ್ತು ಸೇವಾ ತೆರಿಗೆ. 2017ರ ಜುಲೈ 1ರಂದು ಅದು ಜಾರಿಗೆ ಬಂದಾಗ ಸಾಧಾರಣ ಹೋಟೆಲಿನ ಬಿಲ್ಲಿಗೆ ಶೇಕಡಾ 12, ಹವಾನಿಯಂತ್ರಿತ ಹೋಟೆಲಿಗೆ 18. ಅದೇ ತಿಂಗಳು ಬಟ್ಟೆಯ ಮೇಲಿನ ತೆರಿಗೆಯನ್ನು ವಿರೋಧಿಸಿ ಸೂರತ್ತಿನ ಜವಳಿ ವರ್ತಕರು ದಿನಗಟ್ಟಲೆ ಅಂಗಡಿ ಮುಚ್ಚಿದರು. ಬಟ್ಟೆ ಮಾರಾಟವಾಗದೆ ಮಗ್ಗ ಓಡದು, ಮಗ್ಗ ಓಡದೆ ಊಟದ ತಟ್ಟೆ ಓಡದು. ಆ ವರ್ಷದ ನವೆಂಬರ್ 15ರಿಂದ ಹೋಟೆಲಿನ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ಆದರೆ ಮಾಲೀಕರು ತಾವು ಕೊಂಡ ಸಾಮಾನಿನ ಮೇಲೆ ತೆತ್ತ ತೆರಿಗೆಯನ್ನು ಹಿಂಪಡೆಯುವ ಸವಲತ್ತು ತಪ್ಪಿತು. ಆದುದರಿಂದ ಕೆಲವೆಡೆ ದರಪಟ್ಟಿಯ ಅಂಕಿಯೇ ಏರಿ, ಗಿರಾಕಿಗೆ ಉಳಿದದ್ದು ಸ್ವಲ್ಪವೇ. 2025ರ ಸೆಪ್ಟೆಂಬರ್ 22ರಿಂದ ಕೃತಕ ನಾರಿನ ತೆರಿಗೆ 18ರಿಂದ, ನೂಲಿನದು 12ರಿಂದ, ಎರಡೂ ಶೇಕಡಾ 5ಕ್ಕೆ ಇಳಿದುವು. ಸೂರತ್ತಿನ ಮಗ್ಗಗಳಿಗೆ ಇದು ಆದಾಯ ತೆರಿಗೆಯ ರಿಯಾಯಿತಿಗಿಂತ ಹತ್ತಿರದ ಸಂಗತಿ.

ವೆಚ್ಚದ ಬಲವನ್ನು ನಾವು ಕಂಡದ್ದು ಕಷ್ಟಕಾಲದಲ್ಲಿ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು; ಏಪ್ರಿಲಿನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ರಾಷ್ಟ್ರದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ಕುಸಿಯಿತು. ಯಾರೂ ಕೊಳ್ಳದಿರುವಾಗ ಸರಕಾರವಾದರೂ ಕೊಳ್ಳಬೇಕು, ಸಾಲ ಮಾಡಿಯಾದರೂ ಖರ್ಚು ಮಾಡಬೇಕು ಎಂಬುದು 1936ರಲ್ಲಿ ಕೇನ್ಸ್ ಮಂಡಿಸಿದ ವಾದದ ಸಾರ. 2020-21ರಲ್ಲಿ ಕೇಂದ್ರದ ವಿತ್ತೀಯ ಕೊರತೆಯು ರಾಷ್ಟ್ರೀಯ ಉತ್ಪನ್ನದ ಶೇಕಡಾ 9.2ಕ್ಕೆ ಏರಿತು. ಪಡಿತರದವರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ದೊರೆಯಿತು. ಆದರೆ ನಮ್ಮವರಲ್ಲಿ ಎಷ್ಟೋ ಜನರ ಚೀಟಿ ಊರಿನಲ್ಲಿ, ಹೊಟ್ಟೆ ಇಲ್ಲಿ! ಅದೇ ಮೇ ತಿಂಗಳಲ್ಲಿ ಪೆಟ್ರೋಲಿನ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಸುಂಕವನ್ನು ಏರಿಸಿದ್ದನ್ನೂ ಮರೆಯಬಾರದು. ಒಂದು ಕೈ ಕೊಟ್ಟಿತು, ಇನ್ನೊಂದು ಕೈ ಕಿತ್ತುಕೊಂಡಿತು.

ಹಾಗಾದರೆ ಸರಕಾರವು ಸದಾ ಖರ್ಚು ಮಾಡುತ್ತಲೇ ಇರಲಿ ಎನ್ನೋಣವೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ಬಳ್ಳಾರಿಯಿಂದ 1967ರಲ್ಲಿ ಲೋಕಸಭೆಗೆ ಆರಿಸಿ ಬಂದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಮುಖ್ಯರು. ಕೇಂಬ್ರಿಜ್ಜಿನಲ್ಲಿ ಓದಿದ ಇವರು 1952ರಲ್ಲಿಯೇ ಬರೆದ ಲೇಖನವೊಂದರಲ್ಲಿ, ಕೇನ್ಸರ ಲೆಕ್ಕವು ಹಿಂದುಳಿದ ದೇಶಕ್ಕೆ ಹಾಗೆಯೇ ಸಲ್ಲದೆಂದು ತೋರಿಸಿದರು. ಇಂಗ್ಲೆಂಡಿನಲ್ಲಿ ಕಾರಖಾನೆಗಳು ಕೆಲಸವಿಲ್ಲದೆ ನಿಂತಿದ್ದುವು. ಬೇಡಿಕೆ ಬಂದರೆ ಮಾಲು ಹೆಚ್ಚುತ್ತಿತ್ತು. ಇಲ್ಲಿಯಾದರೋ ಹೊಸ ಹಣ ಮೊದಲು ಓಡುವುದು ಅಕ್ಕಿ ಬೇಳೆಗಳ ಕಡೆಗೆ. ಬೇಡಿಕೆ ಏರಿತೆಂದು ಹೊಲದಲ್ಲಿ ತೆನೆ ಕೂಡಲೇ ಹೆಚ್ಚದು. ಬೆಲೆ ಮಾತ್ರ ಹೆಚ್ಚುತ್ತದೆ. ಅಂದಿನಿಂದ ದೇಶ ಬಹಳ ಬದಲಾಗಿದೆ. ಆದರೂ ಉದ್ದಿನಬೇಳೆಯ ದರ ಏರಿದ ವಾರ ಗಲ್ಲೆಯಲ್ಲಿ ಕುಳಿತವರು ಈ ಮಾತನ್ನು ತಳ್ಳಿಹಾಕಲಾರರು.

2023ರ ಆಗಸ್ಟ್ 30ರಂದು ಕರ್ನಾಟಕ ಸರಕಾರವು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿತು. ಕುಂದಾಪುರದ ತಾಯಿ ಆ ಹಣವನ್ನು ಕುಂದಾಪುರದ ಪೇಟೆಯಲ್ಲಿಯೇ ಖರ್ಚು ಮಾಡುತ್ತಾಳೆ. ಬೇಡಿಕೆ ಹುಟ್ಟುವುದು ಅಲ್ಲಿ. ಆದರೆ “ಈ ತಿಂಗಳು ಸ್ವಲ್ಪ ಕಡಿಮೆ ಕಳುಹಿಸಿದರೂ ನಡೆದೀತು ಮಗಾ” ಎಂದು ಅವಳು ಫೋನಿನಲ್ಲಿ ಹೇಳಿದಳೆಂದರೆ, ಬೆಂಗಳೂರಿನ ಖಜಾನೆಯಿಂದ ಹೊರಟ ರೂಪಾಯಿಯ ಒಂದಂಶ ಸಚಿನ್ನಿನಲ್ಲಿ ದುಡಿಯುವ ಮಗನ ಜೇಬಿನಲ್ಲಿ ಉಳಿಯಿತು. ಅವನು ಅದರಿಂದ ಹೊಸ ಅಂಗಿ ಕೊಂಡರೆ, ಇಲ್ಲಿನ ಮಗ್ಗಕ್ಕೂ ಅದರಲ್ಲಿ ಪಾಲುಂಟು.