‘ಅಪವಾದವು ನಿಯಮವನ್ನು ಸಾಧಿಸುತ್ತದೆ’ : ಒಂದು ಆಂಗ್ಲ ನಾಣ್ಣುಡಿಯ ಅರ್ಥವಿಚಾರ

ಆಂಗ್ಲಭಾಷೆಯಲ್ಲಿ ‘ದಿ ಎಕ್ಸೆಪ್ಷನ್ ಪ್ರೂವ್ಸ್ ದಿ ರೂಲ್’ ಎಂಬುದಾಗಿ ಒಂದು ಹಳೆಯ ನಾಣ್ಣುಡಿಯುಂಟು. ‘ಅಪವಾದವು ನಿಯಮವನ್ನು ಸಾಧಿಸುತ್ತದೆ’ ಎಂಬುದು ಅದರ ಅಕ್ಷರಾರ್ಥ. ಒಬ್ಬನು ಒಂದು ಸಾಮಾನ್ಯ ನಿಯಮವನ್ನು ಪ್ರತಿಪಾದಿಸಲು, ಪ್ರತಿವಾದಿಯು ಅದಕ್ಕೆ ವಿರುದ್ಧವಾದ ಉದಾಹರಣೆಯನ್ನು ತೋರಿಸಿದೊಡನೆ, ಮೊದಲನೆಯವನು ಈ ನುಡಿಯನ್ನಾಡಿ ಗೆದ್ದವನಂತೆ ಸುಮ್ಮನಾಗುವುದು ಲೋಕದಲ್ಲಿ ಕಂಡಿರುವುದೇ ಸರಿ. ಆದರೆ ವಿರುದ್ಧೋದಾಹರಣೆಯಿಂದಲೇ ನಿಯಮವು ಬಲಗೊಳ್ಳುವುದಾದರೆ, ಯಾವ ಸುಳ್ಳು ನಿಯಮವನ್ನೂ ಯಾರೂ ಖಂಡಿಸಲಾರರು. ನೈಯಾಯಿಕರ ಮತದಲ್ಲಿ ಒಂದೇ ಕಡೆ ವ್ಯಭಿಚಾರವು ಕಂಡರೂ ವ್ಯಾಪ್ತಿಯು ಮುರಿಯುವುದು. ಹೀಗಿರುವಲ್ಲಿ, ಶತಮಾನಗಳಿಂದ ಬಳಕೆಯಲ್ಲಿರುವ ಈ ನುಡಿಗೆ ಯುಕ್ತಿಯುಕ್ತವಾದ ಅರ್ಥವೊಂದು ಉಂಟೇ ಎಂಬುದು ವಿಚಾರಣೀಯವಾಗಿದೆ.

ಇದರ ಮೂಲವು ರೋಮಿನ ನ್ಯಾಯಸಭೆಯಲ್ಲಿದೆ. ಕ್ರಿ. ಪೂ. 56ರಲ್ಲಿ ಪ್ರಸಿದ್ಧ ವಾಗ್ಮಿಯಾದ ಸಿಸೆರೋ, ಗಾಡೀಸ್ ಪಟ್ಟಣದ ಬಾಲ್ಬಸ್ ಎಂಬುವನ ಪರವಾಗಿ ವಾದಿಸಿದನು. ಪಾಂಪೆಯು ಬಾಲ್ಬಸನಿಗೆ ರೋಮಿನ ಪೌರತ್ವವನ್ನು ಕೊಟ್ಟಿದ್ದನು. ಅದು ಅಕ್ರಮವೆಂದು ಆಕ್ಷೇಪವೆದ್ದಿತ್ತು. ರೋಮು ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ, ಆ ಜನರಲ್ಲಿ ಯಾರನ್ನೂ ಪೌರರನ್ನಾಗಿ ಸ್ವೀಕರಿಸಕೂಡದೆಂಬ ನಿಷೇಧವಿದ್ದಿತು. ಗಾಡೀಸಿನ ಒಪ್ಪಂದದಲ್ಲಿ ಅದು ಇರಲಿಲ್ಲ. ವಿಶೇಷವಾಗಿ ನಿಷೇಧಿಸಿದ ಕಡೆ ಕೂಡದೆಂದಾದರೆ, ನಿಷೇಧಿಸದ ಕಡೆ ಕೂಡುವುದೆಂದೇ ಅರ್ಥವಲ್ಲವೆ, ಎಂಬುದು ಸಿಸೆರೋವಿನ ಯುಕ್ತಿಯ ಸಾರ. ಬಾಲ್ಬಸನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

ಈ ಯುಕ್ತಿಯೇ ಮುಂದೆ ನ್ಯಾಯವೇತ್ತರಲ್ಲಿ ಲ್ಯಾಟಿನ್ ಸೂತ್ರವಾಗಿ ನೆಲೆಗೊಂಡಿತು. ಅದರ ಪೂರ್ಣರೂಪದಲ್ಲಿ ‘ಇನ್ ಕಾಸಿಬಸ್ ನಾನ್ ಎಕ್ಸೆಪ್ಟಿಸ್’, ಅಂದರೆ ‘ಹೊರತುಪಡಿಸದ ವಿಷಯಗಳಲ್ಲಿ’ ಎಂಬ ಪದಗಳು ಸೇರಿವೆ. ವಾಕ್ಯದ ಜೀವವಿರುವುದು ಈ ಪದಗಳಲ್ಲಿಯೇ. ಹದಿನೇಳನೆಯ ಶತಮಾನದಲ್ಲಿ ಸೂತ್ರವು ಆಂಗ್ಲ ಗ್ರಂಥಗಳಿಗೆ ಇಳಿದು ಜನರ ನಾಲಗೆಯಲ್ಲಿ ಸವೆದಾಗ ಈ ಬಾಲಭಾಗವು ಉದುರಿಹೋಯಿತು. ಅನರ್ಥಪರಂಪರೆಗೆ ಅದೇ ಕಾರಣ.

ಮೂಲಾರ್ಥಕ್ಕೆ ಸುಲಭವಾದ ದೃಷ್ಟಾಂತವಿದು. ಒಂದು ಗ್ರಂಥಾಲಯದ ಬಾಗಿಲಲ್ಲಿ ‘ಭಾನುವಾರ ಪ್ರವೇಶವಿಲ್ಲ’ ಎಂದು ಬರೆದಿದ್ದರೆ, ಉಳಿದ ದಿನಗಳಲ್ಲಿ ಪ್ರವೇಶವುಂಟೆಂದು ಯಾರೂ ಹೇಳದೆಯೇ ತಿಳಿಯುವುದು. ಇಲ್ಲಿ ಹೊರತುಪಡಿಸುವಿಕೆಯು ಅನುಕ್ತವಾದ ನಿಯಮಕ್ಕೆ ಜ್ಞಾಪಕವಾಗಿದೆಯೇ ಹೊರತು, ನಿಯಮಕ್ಕೆ ಎದುರುಬಿದ್ದ ಉದಾಹರಣೆಯಾಗಿಲ್ಲ.

ಸಂಸ್ಕೃತ ಶಾಸ್ತ್ರಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಐದು ಉಗುರುಳ್ಳ ಪ್ರಾಣಿಗಳಲ್ಲಿ ಇಂತಹ ಐದು ಭಕ್ಷ್ಯವೆಂದು ಹೇಳಿದರೆ ಮಿಕ್ಕವು ಅಭಕ್ಷ್ಯವೆಂದು ತಿಳಿಯುವುದೆಂಬುದನ್ನು ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ತೋರಿಸಿದ್ದಾನೆ. ಮೀಮಾಂಸಕರು ಇದನ್ನು ಪರಿಸಂಖ್ಯೆಯೆನ್ನುವರು. ವೈಯಾಕರಣರ ಉತ್ಸರ್ಗಾಪವಾದಗಳು ಮಾತ್ರ ಇದಕ್ಕಿಂತ ಸ್ವಲ್ಪ ಭಿನ್ನ. ಕರ್ಮವು ಉಪಪದವಾದಾಗ ಧಾತುವಿಗೆ ‘ಅಣ್’ ಬರುವುದು ಉತ್ಸರ್ಗ, ಅದರಿಂದ ‘ಕುಂಭಕಾರ’. ಉಪಸರ್ಗವಿಲ್ಲದ ಆಕಾರಾಂತ ಧಾತುವಿಗೆ ‘ಕ’ ಬರುವುದು ಅಪವಾದ; ಅದರಿಂದ ‘ಗೋದ’. ಇಲ್ಲಿ ಎರಡೂ ವಿಧಿಗಳು ಕಂಠೋಕ್ತವಾಗಿವೆ. ಅಪವಾದವು ಉತ್ಸರ್ಗದ ಎಲ್ಲೆಯನ್ನು ಕಿರಿದುಮಾಡುವುದೇ ಹೊರತು ಅದನ್ನು ಸಾಧಿಸುವುದಿಲ್ಲ.

ಬಾಲಭಾಗವು ಲೋಪವಾದ ಮೇಲೆ ಉಳಿದ ನುಡಿಯನ್ನು ಸಮರ್ಥಿಸಲು ಕೆಲವರು ಇನ್ನೊಂದು ದಾರಿಯನ್ನು ಹಿಡಿದರು. ‘ಪ್ರೂವ್’ ಎಂಬುದಕ್ಕೆ ಹಿಂದೆ ‘ಪರೀಕ್ಷಿಸು’ ಎಂಬ ಅರ್ಥವಿದ್ದಿತು. ಆದಕಾರಣ ಅಪವಾದವು ನಿಯಮವನ್ನು ಪರೀಕ್ಷಿಸುತ್ತದೆ ಎಂಬುದೇ ತಾತ್ಪರ್ಯವೆಂದು ಅವರ ವಾದ. ಆ ಅರ್ಥವಿದ್ದುದು ನಿಜ. ಅಚ್ಚುಕೂಟದವರು ತಿದ್ದುವುದಕ್ಕಾಗಿ ಮೊದಲು ತೆಗೆಯುವ ‘ಪ್ರೂಫು’ ಅದಕ್ಕೆ ಸಾಕ್ಷಿ. ಆದರೆ ಇದೇ ಸೂತ್ರದ ಪಾಠಾಂತರಗಳಲ್ಲಿ ‘ಪ್ರೊಬಾಟ್’ ಎಂಬುದರ ಸ್ಥಾನದಲ್ಲಿ ‘ಫಿರ್ಮಾಟ್’ ಎಂದರೆ ದೃಢಪಡಿಸುತ್ತದೆ, ‘ಫಿಗಿಟ್’ ಎಂದರೆ ನೆಲೆಗೊಳಿಸುತ್ತದೆ, ಎಂಬ ಕ್ರಿಯಾಪದಗಳಿವೆ. ಪರೀಕ್ಷಾರ್ಥವು ಇವುಗಳಿಗೆ ಹೊಂದದು. ಆದುದರಿಂದ ಆ ವ್ಯಾಖ್ಯಾನವು ಯುಕ್ತವಾಗಿ ತೋರಿದರೂ ಐತಿಹಾಸಿಕವಲ್ಲ.

1926ರಲ್ಲಿ ಫೌಲರನು ಆಂಗ್ಲ ಪ್ರಯೋಗವನ್ನು ಕುರಿತ ತನ್ನ ನಿಘಂಟಿನಲ್ಲಿ ಈ ನುಡಿಯ ಬಳಕೆಗಳನ್ನು ಐದಾಗಿ ವಿಂಗಡಿಸಿದನು. ಅವುಗಳಲ್ಲಿ ಮೊದಲನೆಯದು ಮೇಲೆ ಹೇಳಿದ ನ್ಯಾಯಶಾಸ್ತ್ರೀಯ ಅರ್ಥ. ಎರಡನೆಯದು ವೈಜ್ಞಾನಿಕ ಅರ್ಥ. ಉಳಿದವು ಶಿಥಿಲ ಪ್ರಯೋಗ, ಹಾಸ್ಯ ಮತ್ತು ಶುದ್ಧ ಅಸಂಬದ್ಧತೆ. ಇವುಗಳಲ್ಲಿ ಎರಡನೆಯದು ವಿಮರ್ಶಾರ್ಹವಾಗಿದೆ. ತೋರಿಕೆಯ ಅಪವಾದದ ನಿಜವಾದ ಕಾರಣವು ತಿಳಿದಾಗ ನಿಯಮವು ಮೊದಲಿಗಿಂತ ದೃಢವಾಗುವುದುಂಟು. ಯುರೇನಸ್ ಗ್ರಹವು ನ್ಯೂಟನ್ನನ ಗಣಿತಕ್ಕೆ ಹೊಂದದೆ ಚಲಿಸುತ್ತಿದ್ದಿತು. ಅದನ್ನು ಸೆಳೆಯುವ ಮತ್ತೊಂದು ಗ್ರಹವಿರಬೇಕೆಂದು ಲೆವೆರಿಯೆ ಎಣಿಕೆಮಾಡಲು, 1846ರಲ್ಲಿ ನೆಪ್ಚೂನ್ ಗೋಚರಿಸಿತು. ಅಪವಾದವೇ ನಿಯಮಕ್ಕೆ ಸಾಧಕವಾಯಿತು. ಬುಧನ ಚಲನೆಯಲ್ಲಿಯೂ ವ್ಯತ್ಯಾಸವಿದೆಯೆಂದು 1859ರಲ್ಲಿ ಅವನೇ ತೋರಿಸಿ, ಅಲ್ಲಿಯೂ ಕಾಣದ ಗ್ರಹವನ್ನು ಊಹಿಸಿದನು. ಅಂತಹ ಗ್ರಹವು ಸಿಕ್ಕಲೇ ಇಲ್ಲ. 1915ರಲ್ಲಿ ಐನ್‌ಸ್ಟೈನನ ಹೊಸ ಸಿದ್ಧಾಂತವೇ ಅದಕ್ಕೆ ಸಮಾಧಾನವನ್ನು ಹೇಳಿತು. ಒಂದೇ ಬಗೆಯ ಅಪವಾದವು ಒಮ್ಮೆ ನಿಯಮವನ್ನು ಕಾಯಿತು, ಇನ್ನೊಮ್ಮೆ ಅದನ್ನು ಸ್ಥಾನದಿಂದ ಇಳಿಸಿತು. ಕಾರಣವನ್ನು ಹುಡುಕದೆ ನಾಣ್ಣುಡಿಯನ್ನು ಮಾತ್ರ ಹೇಳುವವನಿಗೆ ಈ ವಿವೇಕವು ಲಭಿಸದು.

ಮೂಲಾರ್ಥದ ಪ್ರಯೋಗದಲ್ಲಿಯೂ ಎಚ್ಚರಿಕೆ ಬೇಕು. ಹೊರತುಪಡಿಸುವಿಕೆಯು ಉಳಿದೆಡೆ ವಿಧಿಗೆ ಬಲವನ್ನು ಕೊಡುವಂತೆ, ಎಣಿಸಿ ಹೇಳುವಿಕೆಯು ಎಣಿಸದ ಕಡೆ ಅದನ್ನು ದುರ್ಬಲಗೊಳಿಸುವುದೆಂದು ಬೇಕನ್ನನು 1623ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಹೇಳಿದನು. ಕೆಲವು ಹಕ್ಕುಗಳನ್ನು ಎಣಿಸಿದ ಮಾತ್ರಕ್ಕೆ ಜನರ ಇತರ ಹಕ್ಕುಗಳು ಇಲ್ಲವೆಂದು ಭಾವಿಸಕೂಡದೆಂದು ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಒಂಬತ್ತನೆಯ ತಿದ್ದುಪಡಿಯನ್ನು ಸೇರಿಸಬೇಕಾಯಿತು. ಪರಿಸಂಖ್ಯೆಗೆ ಸ್ವಾರ್ಥಹಾನಿ, ಪರಾರ್ಥಕಲ್ಪನೆ, ಪ್ರಾಪ್ತಬಾಧ ಎಂಬ ಮೂರು ದೋಷಗಳನ್ನು ಹೇಳಿ, ಗತ್ಯಂತರವಿಲ್ಲದಿದ್ದರೆ ಮಾತ್ರ ಅದನ್ನು ಒಪ್ಪಿದ ಮೀಮಾಂಸಕರ ಜಾಗರೂಕತೆಯೂ ಇದೇ ಬಗೆಯದು.

ಕನ್ನಡದಲ್ಲಿ ‘ಅಪವಾದ’ಕ್ಕೆ ನಿಂದೆಯೆಂಬ ಅರ್ಥವೂ ಇರುವುದರಿಂದ, ಅಕ್ಷರಶಃ ಮಾಡಿದ ಅನುವಾದವು ವಿದ್ಯಾರ್ಥಿಯನ್ನು ಇಮ್ಮಡಿಯಾಗಿ ದಾರಿತಪ್ಪಿಸುವುದು. ‘ಒಂದೆಡೆ ಹೊರತೆಂದುದರಿಂದ ಉಳಿದೆಡೆ ನಿಯಮವುಂಟು’ ಎಂದು ಬಿಡಿಸಿ ಹೇಳಿದರೆ ಉದುರಿದ ಬಾಲಭಾಗವು ಮರಳಿ ಬಂದು ಸೇರುವುದು. ಸುಳ್ಳು ನಿಯಮಕ್ಕೆ ಈ ನುಡಿಯನ್ನು ಆಸರೆಯಾಗಿ ಕೊಡುವ ಪ್ರಮಾದವೂ ತಪ್ಪುವುದು.